ಒಂದು ಪದದ ಕಥೆ

ಮಾತುಗಳಿಗೂ ಮನುಷ್ಯರಿಗಿರುವಂತೆಯೇ ಹುಟ್ಟು, ಬೆಳವಣಿಗೆ, ಏಳುಬೀಳುಗಳು ಇವೆ. ಒಂದು ಕಾಲದಲ್ಲಿ ಸಾಧಾರಣವಾಗಿದ್ದ ಪದ ಮತ್ತೊಂದು ಕಾಲಕ್ಕೆ ಗೌರವವನ್ನು ಪಡೆಯಬಹುದು. ಯಾವ ಕೆಡುಕೂ ಇಲ್ಲದೆ ಬಳಕೆಯಲ್ಲಿದ್ದ ಪದ ಕಾಲಕ್ರಮದಲ್ಲಿ ಬೈಗುಳದ ಮಟ್ಟಕ್ಕೆ ಇಳಿಯಬಹುದು. ಹೀಗೆ ಇಳಿದಾಗ ಪದಕ್ಕೆ ಏನೂ ನಷ್ಟವಿಲ್ಲ. ಆದರೆ ಆ ಪದದಿಂದ ಯಾರನ್ನು ಗುರುತಿಸುತ್ತಿದ್ದರೋ ಅವರು, ತಾವು ಮಾಡದ ತಪ್ಪಿಗಾಗಿ, ಪದದೊಡನೆ ತಾವೂ ಕೆಳಗಿಳಿಯಬೇಕಾಗುತ್ತದೆ. ಇಂಗ್ಲಿಷಿನ ‘ಡಂಬ್’ ಎಂಬ ವಿಶೇಷಣದ ಚರಿತ್ರೆ ಇದಕ್ಕೆ ಒಂದು ನಿದರ್ಶನ.

ಇಂಗ್ಲಿಷ್ ನಿಘಂಟಿನಲ್ಲಿ ಈ ಪದಕ್ಕೆ ಮುಖ್ಯವಾಗಿ ಎರಡು ಅರ್ಥಗಳು ದೊರೆಯುತ್ತವೆ. ‘ಮಾತನಾಡಲಾರದ’ ಎಂಬುದು ಒಂದು. ‘ದಡ್ಡ, ಬುದ್ಧಿಯಿಲ್ಲದ’ ಎಂಬುದು ಇನ್ನೊಂದು. ಮೊದಲನೆಯದು ಹಳೆಯದು. ಎರಡನೆಯದು ಇಂದಿನ ಆಡುಮಾತಿನಲ್ಲಿ ಹೆಚ್ಚು ಕೇಳಿಬರುವುದು. ಹಳೆಯ ಅರ್ಥ ಪೂರ್ತಿಯಾಗಿ ಮರೆಯಾಗಿಲ್ಲ. ಹಲವು ಸಮಾಸಪದಗಳಲ್ಲಿ ಅದು ಇಂದಿಗೂ ಉಳಿದುಕೊಂಡಿದೆ. ನಾಟಕದಲ್ಲಿ ಮಾತಿಲ್ಲದೆ ಅಭಿನಯಿಸುವ ಭಾಗಕ್ಕೆ ‘ಡಂಬ್ ಷೋ’ ಎಂದು ಹೆಸರು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದೊಳಗೆ ನಡೆಯುವ ನಾಟಕವು ಇಂಥ ಮೂಕಾಭಿನಯದಿಂದಲೇ ಆರಂಭವಾಗುತ್ತದೆ. ನಾವು ಮರುಕದಿಂದ ‘ಮೂಕಪ್ರಾಣಿ’ ಎನ್ನುವಲ್ಲಿ ಇಂಗ್ಲಿಷಿನವರು ಇದೇ ಪದವನ್ನು ಬಳಸುತ್ತ ಬಂದರು. ಮೂಕವಿಸ್ಮಿತರಾದರು ಎಂದು ಹೇಳಬೇಕಾದಲ್ಲಿಯೂ ಅವರಿಗೆ ಒದಗುವುದು ಇದೇ ಪದ.

ಶಾಲೆಯ ಕವಾಯತಿನಲ್ಲಿ ಮಕ್ಕಳು ಎರಡು ಕೈಗಳಲ್ಲೂ ಹಿಡಿಯುವ ‘ಡಂಬೆಲ್ಸ್’ ಎಲ್ಲರಿಗೂ ಪರಿಚಿತ. ಅದರ ಹೆಸರಿನಲ್ಲಿರುವುದೂ ಇದೇ ಪದ. ‘ಬೆಲ್’ ಎಂದರೆ ಗಂಟೆ. ಇಂಗ್ಲೆಂಡಿನ ಚರ್ಚುಗಳಲ್ಲಿ ಭಾರವಾದ ಗಂಟೆಗಳನ್ನು ಹಗ್ಗ ಜಗ್ಗಿ ಬಾರಿಸುತ್ತಿದ್ದರು. ಹಾಗೆ ಜಗ್ಗುವುದು ಮೈಗೆ ಒಳ್ಳೆಯ ವ್ಯಾಯಾಮವೆಂದು ಕಂಡುಕೊಂಡ ಕೆಲವರು, ಗಂಟೆಯಿಲ್ಲದೆ ಬರಿಯ ಹಗ್ಗ ಮತ್ತು ಭಾರವಿರುವ ಯಂತ್ರವೊಂದನ್ನು ಮಾಡಿಕೊಂಡರು. ಅದು ಸದ್ದಿಲ್ಲದ ಗಂಟೆಯಾಯಿತು. ಮುಂದೆ ಆ ಹೆಸರು ಕೈಯಲ್ಲಿ ಹಿಡಿಯುವ ಭಾರಗಳಿಗೆ ದಾಟಿತು. ಒಂದಕ್ಕೊಂದು ತಾಗಿಸಿದಾಗ ಟಕ್ ಎಂದು ದನಿಗೊಡುವ ಮರದ ಡಂಬೆಲ್ಸ್‌ಗೆ ‘ಸದ್ದಿಲ್ಲದ ಗಂಟೆ’ ಎಂಬ ಹೆಸರು ಉಳಿದುಕೊಂಡಿರುವುದು ಭಾಷೆಯ ಒಂದು ವಿನೋದ. ಇದಕ್ಕಿಂತ ದೊಡ್ಡ ವಿನೋದವು ಪದದೊಳಗೇ ಇದೆ. ಬರವಣಿಗೆಯಲ್ಲಿ ಅದು ‘ಡಂಬ್’, ಉಚ್ಚಾರಣೆಯಲ್ಲಿ ‘ಡಮ್’. ಮೂಕತನವನ್ನು ಸೂಚಿಸುವ ಪದದ ಕೊನೆಯ ಅಕ್ಷರವೇ ಮೂಕವಾಗಿ ಹೋಗಿದೆ.

ಈ ಪದ ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿಯೇ ಇತ್ತು. ಅಲ್ಲಿ ಅದರ ಅರ್ಥ ‘ಮಾತಿಲ್ಲದ’ ಎಂಬುದು. ಇಂಗ್ಲಿಷಿನ ಜ್ಞಾತಿಭಾಷೆಯಾದ ಗಾಥಿಕ್‌ನಲ್ಲಿಯೂ ಇದರ ಸೋದರಪದಕ್ಕೆ ಇದೇ ಅರ್ಥವಿತ್ತು. ಹೊಗೆ, ಧೂಳು, ಮಬ್ಬು ಎಂಬ ಅರ್ಥಗಳನ್ನು ಕೊಡುವ ಪ್ರಾಚೀನ ಧಾತುವೊಂದರಿಂದ ಈ ಪದವೂ, ಕಿವುಡು ಎಂಬ ಅರ್ಥದ ‘ಡೆಫ್’ ಎಂಬ ಪದವೂ ಹುಟ್ಟಿರಬೇಕೆಂದು ಭಾಷಾವಿದರು ಊಹಿಸಿದ್ದಾರೆ. ಇಂದ್ರಿಯಗಳಿಗೆ ಮಬ್ಬು ಕವಿದಿದೆ ಎಂಬ ಭಾವನೆ ಅದರ ಹಿಂದೆ ಇದ್ದಿರಬಹುದು. ಜರ್ಮನ್ ಭಾಷೆಯಲ್ಲಿ ಈ ಮಬ್ಬು ಕಿವಿ ನಾಲಗೆಗಳನ್ನು ದಾಟಿ ಬುದ್ಧಿಯವರೆಗೂ ಹರಡಿತು. ಇಂದಿನ ಜರ್ಮನ್ನಿನ ‘ದುಮ್’ ಮತ್ತು ಡಚ್ ಭಾಷೆಯ ‘ದೊಮ್’ ಎಂಬ ಸೋದರಪದಗಳಿಗೆ ‘ದಡ್ಡ’ ಎಂಬುದೇ ಅರ್ಥ. ಇಂಗ್ಲಿಷಿನಲ್ಲಿ ಹಿಂದೆಯೂ ಅಲ್ಲಲ್ಲಿ ಈ ಛಾಯೆ ಕಾಣಿಸಿಕೊಂಡಿತ್ತಾದರೂ ಅದು ಪ್ರಬಲವಾದುದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ. ಆ ಕಾಲದಲ್ಲಿ ಜರ್ಮನಿಯಿಂದ ಬಹುಸಂಖ್ಯೆಯ ಜನರು ಅಮೆರಿಕಕ್ಕೆ ವಲಸೆ ಹೋದರು. ಅವರ ‘ದುಮ್’ ಅಲ್ಲಿನ ‘ಡಮ್’ ಎಂಬ ಉಚ್ಚಾರಣೆಯೊಡನೆ ಬೆರೆತು, ದಡ್ಡತನದ ಅರ್ಥ ಅಲ್ಲಿ ಬೇರೂರಿತೆಂದು ವಿದ್ವಾಂಸರ ಅಭಿಪ್ರಾಯ. ಅಮೆರಿಕದಿಂದ ಅದು ಇಂಗ್ಲಿಷ್ ಇರುವ ಕಡೆಗೆಲ್ಲ ಹಬ್ಬಿತು.

ಆದರೆ ಎರಡು ಪದಗಳ ದನಿ ಒಂದೇ ಆಗಿದ್ದ ಮಾತ್ರಕ್ಕೆ ಅರ್ಥಗಳು ಇಷ್ಟು ಸುಲಭವಾಗಿ ಬೆರೆಯುವುದಿಲ್ಲ. ಬೆರೆಯಲು ಜನಮನದಲ್ಲಿ ನೆಲ ಹದವಾಗಿತ್ತು. ಮಾತನಾಡಲಾರದವನಿಗೆ ಆಲೋಚನೆಯೂ ಇರಲಾರದು ಎಂಬ ನಂಬಿಕೆ ಬಹು ಪುರಾತನವಾದುದು, ಅನೇಕ ದೇಶಗಳಲ್ಲಿ ಇದ್ದುದು. ಪ್ರಾಚೀನ ಗ್ರೀಕರ ‘ಕೋಫೋಸ್’ ಎಂಬ ಪದಕ್ಕೆ ಮೊಂಡಾದ, ಕಿವುಡಾದ, ಮೂಕವಾದ, ಮಂದಬುದ್ಧಿಯ ಎಂಬ ಅರ್ಥಗಳೆಲ್ಲ ಇದ್ದವು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕ್ರೋಡೀಕರಿಸಿದ ರೋಮನ್ ಶಾಸನದ ಪ್ರಕಾರ, ಹುಟ್ಟಿನಿಂದಲೇ ಕಿವುಡೂ ಮೂಕರೂ ಆದವರು ಉಯಿಲು ಬರೆಯುವಂತಿರಲಿಲ್ಲ. ಭಾರತವೂ ಇದಕ್ಕೆ ಹೊರತಾಗಿರಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಹುಟ್ಟುಕುರುಡರು, ಕಿವುಡರು, ಜಡರು, ಮೂಕರು ಮುಂತಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆನ್ನುತ್ತದೆ. ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಪೋಷಿಸಬೇಕೆಂದು ಅದು ವಿಧಿಸುತ್ತದೆ, ನಿಜ. ಆದರೆ ಒಡೆತನ ಬೇರೆ, ಪೋಷಣೆ ಬೇರೆ. ಇಂಥ ದೇಹದೋಷಗಳ ಕಾರಣದಿಂದ ಹಿಂದೂ ಕುಟುಂಬಗಳಲ್ಲಿ ಆಸ್ತಿಯ ಹಕ್ಕು ತಪ್ಪಬಾರದೆಂದು ನಮ್ಮಲ್ಲಿ ಕಾನೂನಾದುದು 1928ರಲ್ಲಿ. ಹೀಗೆ ನೋಡಿದಾಗ ಒಂದು ವಿಶೇಷಣದೊಳಗೆ ಮನೆ, ಹೊಲ, ಹಕ್ಕು ಎಲ್ಲವೂ ಅಡಗಿದ್ದವೆಂಬುದು ತಿಳಿಯುತ್ತದೆ.

ಈ ನಂಬಿಕೆ ತಪ್ಪೆಂಬುದಕ್ಕೆ ಕಾರಣ ಸರಳವಾಗಿದೆ. ಹುಟ್ಟಿನಿಂದ ಕಿವಿ ಕೇಳದ ಬಹುಪಾಲು ಮಕ್ಕಳ ನಾಲಗೆ, ತುಟಿ, ಧ್ವನಿಪೆಟ್ಟಿಗೆಗಳಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಮಗು ಮಾತನ್ನು ಕಲಿಯುವುದು ಕಿವಿಯಿಂದ. ತಾಯಿಯ ಮಾತು, ಜೋಗುಳ, ನೆರೆಹೊರೆಯವರ ಸಂಭಾಷಣೆ ಇವೆಲ್ಲ ಸಾವಿರಾರು ಸಲ ಕಿವಿಗೆ ಬಿದ್ದ ಮೇಲೆ ನಾಲಗೆ ಅದನ್ನು ಅನುಕರಿಸತೊಡಗುತ್ತದೆ. ಕೇಳದಿದ್ದುದನ್ನು ಯಾರೂ ಅನುಕರಿಸಲಾರರು. ಕನ್ನಡವನ್ನೇ ಕೇಳದೆ ಬೆಳೆದವನು ಕನ್ನಡ ಆಡದಿದ್ದರೆ ಅವನನ್ನು ದಡ್ಡನೆನ್ನುವವರು ಯಾರು? ಸಂಜ್ಞಾಭಾಷೆಯನ್ನು ಬಳಸುವ ಮನೆಗಳಲ್ಲಿ ಬೆಳೆಯುವ ಕಿವುಡು ಮಕ್ಕಳನ್ನು ವಿಜ್ಞಾನಿಗಳು ಗಮನಿಸಿದಾಗ, ಬೇರೆ ಮಕ್ಕಳು ಬಾಯಿಂದ ತೊದಲುವ ವಯಸ್ಸಿನಲ್ಲಿ ಈ ಮಕ್ಕಳು ಕೈಬೆರಳುಗಳಿಂದಲೇ ತೊದಲುವುದು ಕಂಡುಬಂದಿತು. ಭಾಷೆಯ ಹಂಬಲ ಮನಸ್ಸಿನದು. ನಾಲಗೆ ಅದಕ್ಕೊಂದು ದಾರಿ, ಕೈ ಇನ್ನೊಂದು ದಾರಿ. ಪಾರ್ಶ್ವವಾಯುವಿನಿಂದ ಮಾತು ನಿಂತುಹೋದ ಹಿರಿಯರೂ ಎದುರಿನವರು ಆಡಿದುದನ್ನು ತಿಳಿದುಕೊಳ್ಳುವುದು ಅನೇಕ ಮನೆಗಳ ಅನುಭವ.

ಈ ಸತ್ಯವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಪಾದ್ರಿ ಷಾರ್ಲ್ ಮಿಷೆಲ್ ದ ಲೆಪೆ ಪ್ರಮುಖನು. ಇವನು 1712ರಲ್ಲಿ ಹುಟ್ಟಿ 1789ರಲ್ಲಿ ತೀರಿಕೊಂಡನು. ಪ್ಯಾರಿಸ್ಸಿನಲ್ಲಿ ಕಿವಿ ಕೇಳದ ಇಬ್ಬರು ಅಕ್ಕತಂಗಿಯರಿಗೆ ಪಾಠ ಹೇಳಲು ತೊಡಗಿದ ಅವನು, ಅಲ್ಲಿನ ಕಿವುಡರು ತಮ್ಮತಮ್ಮಲ್ಲಿ ಬಳಸುತ್ತಿದ್ದ ಸನ್ನೆಗಳನ್ನು ತಾನೂ ಕಲಿತು, ಅವುಗಳ ಮೂಲಕ ಓದುಬರಹವನ್ನು ಕಲಿಸಿದನು. ಶಿಷ್ಯರಿಂದ ಮೊದಲು ತಾನು ಕಲಿತ ಗುರು ಅವನು. ಬಡವರಿಗೂ ತೆರೆದಿದ್ದ ಅವನ ಪಾಠಶಾಲೆ 1791ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು.

ಸುಮಾರು ಅದೇ ಕಾಲಕ್ಕೆ, 1760ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಥಾಮಸ್ ಬ್ರೇಡ್‌ವುಡ್ ಎಂಬಾತನು ಕಿವುಡು ಮಕ್ಕಳಿಗಾಗಿ ಒಂದು ಶಾಲೆಯನ್ನು ಆರಂಭಿಸಿದನು. ಆ ಶಾಲೆಯಿಂದಾಗಿ ಆ ಬಡಾವಣೆಗೆ ‘ಡಂಬಿಡೈಕ್ಸ್’ ಎಂಬ ಹೆಸರೇ ಬಿದ್ದಿತು. 1773ರಲ್ಲಿ ಸ್ಕಾಟ್ಲೆಂಡಿನ ಪ್ರವಾಸವನ್ನು ಮುಗಿಸಿ ಹಿಂತಿರುಗುತ್ತಿದ್ದ ಡಾಕ್ಟರ್ ಸ್ಯಾಮ್ಯುಯಲ್ ಜಾನ್ಸನ್ ಆ ಶಾಲೆಗೆ ಭೇಟಿಯಿತ್ತನು. 1755ರಲ್ಲಿ ಇಂಗ್ಲಿಷ್ ಭಾಷೆಗೆ ಮಹಾನಿಘಂಟನ್ನು ರಚಿಸಿಕೊಟ್ಟ ಪಂಡಿತ ಆತ. ‘ಡಂಬ್’ ಎಂಬ ಪದವನ್ನು ಇತರ ಸಾವಿರಾರು ಪದಗಳೊಡನೆ ತೂಗಿ ನೋಡಿದವನು. ಆ ಪದದಿಂದ ಕರೆಯಲ್ಪಡುವ ಒಬ್ಬ ಹುಡುಗಿ ಅಂದು ಅವನೆದುರಿಗೆ ಸ್ಲೇಟು ಹಿಡಿದು ಕುಳಿತಿದ್ದಳು. ಜಾನ್ಸನ್ನನು ಅದರ ಮೇಲೆ ಮೂರು ಅಂಕಿಗಳ ಸಂಖ್ಯೆಯೊಂದನ್ನು ಎರಡು ಅಂಕಿಗಳ ಸಂಖ್ಯೆಯಿಂದ ಗುಣಿಸುವ ಲೆಕ್ಕವನ್ನು ಬರೆದನು. ಹುಡುಗಿ ಅದನ್ನು ನೋಡಿದಳು. ಬೆರಳುಗಳನ್ನು ಚುರುಕಾಗಿ ಮಿಡಿದಳು. ಎರಡು ಸಾಲುಗಳಲ್ಲಿ ಗುಣಲಬ್ಧಗಳನ್ನು, ಸ್ಥಾನ ತಪ್ಪದಂತೆ, ಬರೆದಿಟ್ಟು ಸುಮ್ಮನಾದಳು. ಎರಡನ್ನೂ ಕೂಡಿಸಲಿಲ್ಲ. ಅಷ್ಟು ಸುಲಭದ ಕೆಲಸವನ್ನು ಮಾಡುವುದು ಅವಳಿಗೆ ಕಡಿಮೆಯೆನಿಸಿರಬೇಕೆಂದು ಜಾನ್ಸನ್ನನು ಭಾವಿಸಿದನು. ಮೊತ್ತ ಬರೆಯಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದೊಡನೆಯೇ ಅವಳು ಅದನ್ನು ಬರೆದಳು. ಉತ್ತರ ಅವಳ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿತ್ತು. ಈ ಪ್ರಸಂಗವನ್ನು ಜಾನ್ಸನ್ನನು ತನ್ನ ಪ್ರವಾಸಗ್ರಂಥದ ಕೊನೆಯಲ್ಲಿ ಮೆಚ್ಚುಗೆಯಿಂದ ಬರೆದಿದ್ದಾನೆ.

ಅಮೆರಿಕದಲ್ಲಿ ಕಿವುಡರ ಶಿಕ್ಷಣದ ಬೀಜ ಬಿದ್ದುದೂ ಒಬ್ಬ ಹುಡುಗಿಯಿಂದಲೇ. ಹಾರ್ಟ್‌ಫರ್ಡ್ ಎಂಬ ಊರಿನ ವೈದ್ಯನೊಬ್ಬನ ಮಗಳು ಆಲಿಸ್ ಕಾಗ್ಸ್‌ವೆಲ್‌ಗೆ ಕಿವಿ ಕೇಳುತ್ತಿರಲಿಲ್ಲ. ಅವಳ ಜಾಣತನವನ್ನು ಕಂಡ ನೆರೆಯ ಯುವಕ ಥಾಮಸ್ ಗ್ಯಾಲಡೆಟ್ ಇಂಥ ಮಕ್ಕಳಿಗೆ ಕಲಿಸುವ ಕ್ರಮವನ್ನು ಅರಿಯಲು ಯೂರೋಪಿಗೆ ಹೋದನು. ಪ್ಯಾರಿಸ್ಸಿನ ಸಂಸ್ಥೆಯಲ್ಲಿ ಓದಿ ಅಲ್ಲಿಯೇ ಶಿಕ್ಷಕನಾಗಿದ್ದ ಲಾರೆಂಟ್ ಕ್ಲೆರ್ ಎಂಬ ಕಿವುಡು ವಿದ್ವಾಂಸನನ್ನು ಒಪ್ಪಿಸಿ 1816ರಲ್ಲಿ ತನ್ನ ದೇಶಕ್ಕೆ ಕರೆತಂದನು. 1817ರಲ್ಲಿ ಹಾರ್ಟ್‌ಫರ್ಡಿನ ಶಾಲೆ ಆರಂಭವಾಯಿತು. 1864ರಲ್ಲಿ ವಾಷಿಂಗ್ಟನ್ ನಗರದ ಕಿವುಡರ ಸಂಸ್ಥೆಗೆ ಪದವಿಗಳನ್ನು ಕೊಡುವ ಅಧಿಕಾರವನ್ನು ನೀಡುವ ಕಾನೂನಿಗೆ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಹಾಕಿದನು. ಅದೇ ಇಂದಿನ ಗ್ಯಾಲಡೆಟ್ ವಿಶ್ವವಿದ್ಯಾನಿಲಯ.

ಇಷ್ಟಾದರೂ ಹಳೆಯ ನಂಬಿಕೆ ಸುಲಭವಾಗಿ ಸಾಯಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಸೇರಿದ್ದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಬಾಯಿಮಾತು ಸನ್ನೆಗಿಂತ ಶ್ರೇಷ್ಠವೆಂದೂ ಶಾಲೆಗಳಲ್ಲಿ ಬಾಯಿಮಾತನ್ನೇ ಕಲಿಸಬೇಕೆಂದೂ ಅವರು ನಿರ್ಣಯಿಸಿದರು. ಇದರ ಪರಿಣಾಮವಾಗಿ ಅನೇಕ ದೇಶಗಳ ಶಾಲೆಗಳಿಂದ ಸಂಜ್ಞಾಭಾಷೆಯೂ, ಅದನ್ನು ಬಲ್ಲ ಕಿವುಡು ಶಿಕ್ಷಕರೂ ಹೊರಹೋಗಬೇಕಾಯಿತು. ಕೈಯಿಂದ ಮಾತನಾಡಿದ ಮಕ್ಕಳಿಗೆ ಶಿಕ್ಷೆಯಾಗುವುದೂ ಉಂಟಾಯಿತು. ಸಂಜ್ಞೆಗಳೆಂದರೆ ಬರಿಯ ಹಾವಭಾವವಲ್ಲ, ತಮ್ಮದೇ ವ್ಯಾಕರಣವುಳ್ಳ ಪೂರ್ಣ ಭಾಷೆ ಎಂಬುದನ್ನು ವಿಲಿಯಂ ಸ್ಟೋಕಿ ಎಂಬ ಅಮೆರಿಕದ ಪ್ರಾಧ್ಯಾಪಕನು 1960ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದ ಮೇಲೆ ವಿದ್ವಾಂಸರ ದೃಷ್ಟಿ ಬದಲಾಗತೊಡಗಿತು. ಕಿವುಡರ ಶಿಕ್ಷಣವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಮಿಲಾನಿನ ನಿರ್ಣಯಗಳಿಗಾಗಿ ವಿಷಾದ ಸೂಚಿಸಿದುದು 2010ರಲ್ಲಿ, ಕೆನಡದ ವ್ಯಾಂಕೂವರಿನಲ್ಲಿ. ನಡುವೆ ನೂರಮೂವತ್ತು ವರ್ಷಗಳು ಸಂದಿದ್ದವು.

ಪದದ ಚರಿತ್ರೆ ಈ ಚರಿತ್ರೆಯ ನೆರಳಿನಂತೆ ನಡೆದು ಬಂದಿದೆ. ಹಾರ್ಟ್‌ಫರ್ಡಿನ ಶಾಲೆಯ ಮೊದಲ ಹೆಸರಿನಲ್ಲಿ ‘ಡಂಬ್’ ಎಂಬ ಪದವಿತ್ತು. ಇಂದಿನ ಹೆಸರಿನಲ್ಲಿ ಇಲ್ಲ. 1890ರಲ್ಲಿ ಬ್ರಿಟನ್ನಿನ ಕಿವುಡರು ಕಟ್ಟಿಕೊಂಡ ಸಂಘದ ಹೆಸರಿನಲ್ಲಿಯೂ ಅದು ಸೇರಿತ್ತು. 1971ರಲ್ಲಿ ಅವರು ಅದನ್ನು ಕೈಬಿಟ್ಟರು. ಆರಂಭದಲ್ಲಿ ಹೆಸರಿಟ್ಟವರ ಉದ್ದೇಶ ಅವಮಾನಿಸುವುದಾಗಿರಲಿಲ್ಲ. ಆಗ ಅದಕ್ಕೆ ‘ಮಾತಿಲ್ಲದ’ ಎಂಬುದೇ ಮುಖ್ಯಾರ್ಥ. ಪದದ ಅರ್ಥ ಜಾರಿದ ಮೇಲೆ ಹೆಸರು ಹೊರೆಯಾಯಿತು.

ನಮ್ಮ ದೇಶದ ಕಾನೂನಿನಲ್ಲಿಯೂ ಇದರ ಒಂದು ಕುತೂಹಲಕರವಾದ ಉದಾಹರಣೆಯಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಪ್ರಕರಣವು ಮಾತನಾಡಲಾರದ ಸಾಕ್ಷಿಗಳನ್ನು ಕುರಿತದ್ದು. ಅದರ ಶೀರ್ಷಿಕೆಯಲ್ಲಿ ಇದ್ದುದು ‘ಡಂಬ್’ ಎಂಬ ಪದವೇ. ಆದರೆ ಆ ಪ್ರಕರಣದ ಒಳಗಿನ ಮಾತು ಶೀರ್ಷಿಕೆಗಿಂತ ಉದಾರವಾಗಿತ್ತು. ಅಂಥ ಸಾಕ್ಷಿಯು ಬರೆದು ಅಥವಾ ಸನ್ನೆಗಳಿಂದ ತಿಳಿಸಬಹುದು. ಹಾಗೆ ತಿಳಿಸಿದುದನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಪರಿಗಣಿಸತಕ್ಕದ್ದು ಎಂದು ಅದು ಹೇಳಿತ್ತು. 2013ರ ತಿದ್ದುಪಡಿಯಲ್ಲಿ ಶೀರ್ಷಿಕೆ ‘ಬಾಯಿಮಾತಿನಿಂದ ತಿಳಿಸಲಾರದ ಸಾಕ್ಷಿ’ ಎಂಬ ಅರ್ಥ ಬರುವಂತೆ ಬದಲಾಯಿತು. ಜೊತೆಗೆ ದುಭಾಷಿಯ ನೆರವನ್ನು ಪಡೆಯಬೇಕೆಂದೂ ಹೇಳಿಕೆಯನ್ನು ಚಿತ್ರೀಕರಿಸಿಕೊಳ್ಳಬೇಕೆಂದೂ ನಿಯಮವಾಯಿತು. ಆ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಇದು ಮುಂದುವರಿದಿದೆ. ಪದವನ್ನು ಬದಲಿಸುವುದರ ಜೊತೆಗೆ ನೆರವನ್ನೂ ಒದಗಿಸಿದುದು ಈ ತಿದ್ದುಪಡಿಯ ಹೆಚ್ಚುಗಾರಿಕೆ. ನೆರವಿಲ್ಲದ ಹೆಸರುಬದಲಾವಣೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹಾಗಾದರೆ ಈ ಪದವನ್ನು ಹೇಗೆ ಬಳಸಬೇಕು? ಹಳೆಯ ಗ್ರಂಥಗಳಲ್ಲಿಯೂ ಹಳೆಯ ಸಂಸ್ಥೆಗಳ ಹೆಸರುಗಳಲ್ಲಿಯೂ ಅದು ಕಾಣಿಸಿದಾಗ ಚರಿತ್ರೆಯ ಭಾಗವೆಂದು ತಿಳಿದು ಓದಬೇಕು. ಡಂಬೆಲ್ಸ್‌ನಂಥ ವಸ್ತುವಿನ ಹೆಸರಿನಿಂದ ಯಾರಿಗೂ ನೋವಿಲ್ಲ. ಆದರೆ ಮನುಷ್ಯರನ್ನು ಕುರಿತು ಹೇಳುವಾಗ ಅದನ್ನು ಬಿಡುವುದೇ ಯೋಗ್ಯ. ಮಾತಿಲ್ಲ ಎಂಬ ಅರ್ಥದಲ್ಲಿ ಹೇಳಿದರೂ ಕೇಳುವವರಿಗೆ ದಡ್ಡ ಎಂಬುದು ಕೇಳಿಸುತ್ತದೆ. ಗೆಳೆಯನ ಸಣ್ಣ ತಪ್ಪಿಗೆ ಅದೇ ಪದದಿಂದ ಹಾಸ್ಯಮಾಡುವವರು ತಮಗೆ ಅರಿವಿಲ್ಲದೆಯೇ ಎರಡು ಸಾವಿರ ವರ್ಷಗಳ ಹಳೆಯ ತಪ್ಪೊಂದನ್ನು ಮತ್ತೆ ಆಡುತ್ತಾರೆ.

ಬದಲಿ ಪದವನ್ನು ಆರಿಸುವಾಗ ನಾಜೂಕಾದುದೇ ಒಳ್ಳೆಯದೆಂದು ಭಾವಿಸುವಂತಿಲ್ಲ. ಶ್ರವಣಶಕ್ತಿಯಲ್ಲಿ ‘ದೋಷ’ವುಳ್ಳವರು ಎಂಬ ಅರ್ಥದ ಇಂಗ್ಲಿಷ್ ಪದವು ಕೇಳಲು ಸಭ್ಯವಾಗಿದ್ದರೂ ಅನೇಕ ಕಿವುಡರಿಗೆ ಅದು ಹಿಡಿಸುವುದಿಲ್ಲ. 1951ರಲ್ಲಿ ರೋಮ್ ನಗರದಲ್ಲಿ ಸ್ಥಾಪಿತವಾದ ವಿಶ್ವ ಕಿವುಡರ ಒಕ್ಕೂಟವು ನೇರವಾದ ‘ಡೆಫ್’ ಎಂಬ ಪದವನ್ನೇ ಹೆಸರಿನಲ್ಲಿ ಇಟ್ಟುಕೊಂಡಿದೆ. ತಮಗೊಂದು ಭಾಷೆಯಿದೆ, ಬಳಗವಿದೆ ಎಂಬ ಹೆಮ್ಮೆ ಆ ಪದದ ಹಿಂದಿದೆ. ಆದುದರಿಂದ ಯಾವ ಪದ ಸರಿ ಎಂಬುದನ್ನು ನಿರ್ಣಯಿಸುವ ಮೊದಲ ಹಕ್ಕು ಆ ಪದದಿಂದ ಕರೆಯಲ್ಪಡುವವರದು. ಅವರನ್ನು ಕೇಳಿ ತಿಳಿಯುವುದೇ ಸೌಜನ್ಯದ ಮಾರ್ಗ.

ಕನ್ನಡಕ್ಕೂ ಈ ವಿವೇಕ ಅನ್ವಯಿಸುತ್ತದೆ. ನಮ್ಮ ಭಾಷೆಯಲ್ಲಿ ಗೌರವ ಅಗೌರವಗಳು ಪದದಲ್ಲಿರುವಷ್ಟೇ ಪ್ರತ್ಯಯದಲ್ಲಿಯೂ ಇವೆ. ‘ಕಿವುಡ ಬಂದ’ ಎಂಬುದಕ್ಕೂ ‘ಕಿವಿ ಕೇಳದವರು ಬಂದರು’ ಎಂಬುದಕ್ಕೂ ಇರುವ ಅಂತರವನ್ನು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ. ಊರಿನಲ್ಲಿ ಮಾತು ಬಾರದವರೊಬ್ಬರಿದ್ದರೆ ‘ಮೂಗ’ ಅಥವಾ ‘ಮೂಗಿ’ ಎಂಬುದೇ ಅವರ ಹೆಸರಾಗಿಬಿಡುತ್ತದೆ. ತಂದೆತಾಯಿಗಳು ತೊಟ್ಟಿಲಿನಲ್ಲಿಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿಯುತ್ತದೆ. ಅವರನ್ನು ಅವರ ಹೆಸರಿನಿಂದ ಗುರುತಿಸುವುದಕ್ಕೆ ಯಾವ ಹೊಸ ಪದವನ್ನೂ ಸೃಷ್ಟಿಸಬೇಕಾಗಿಲ್ಲ. ಕಿವುಡರ ಬಳಗಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಜ್ಞೆಯ ಹೆಸರನ್ನು ಕೊಡುವ ಪದ್ಧತಿಯಿದೆ. ಹಸುಳೆಯಾಗಿದ್ದಾಗ ಬೆಂಕಿಗೆ ಬಿದ್ದು ಲಾರೆಂಟ್ ಕ್ಲೆರ್‌ನ ಕೆನ್ನೆಯ ಮೇಲೆ ಕಲೆಯಾಗಿತ್ತು. ಎರಡು ಬೆರಳುಗಳಿಂದ ಕೆನ್ನೆಯನ್ನು ಸವರುವುದೇ ಅವನ ಹೆಸರಾಗಿತ್ತು. ತನ್ನವರು ಪ್ರೀತಿಯಿಂದ ಇಟ್ಟ ಆ ಹೆಸರನ್ನು ಅವನ ಶಿಷ್ಯರು ಗೌರವದಿಂದ ನೆನೆದರು.

ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಪ್ಪಂದವು ಭಾಷೆ ಎಂದರೆ ಆಡುವ ಭಾಷೆಗಳೂ ಸಂಜ್ಞಾಭಾಷೆಗಳೂ ಸೇರಿದುದೆಂದು ಸ್ಪಷ್ಟಪಡಿಸಿದೆ. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪಿತವಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು 1960ರ ದಶಕದಿಂದ ಮಾತು ಮತ್ತು ಶ್ರವಣದ ತೊಂದರೆಗಳ ಪರೀಕ್ಷೆ, ಚಿಕಿತ್ಸೆ, ಶಿಕ್ಷಣಗಳಲ್ಲಿ ಸೇವೆ ಸಲ್ಲಿಸುತ್ತ ಬಂದಿದೆ. ಪ್ರತಿವರ್ಷ ಸೆಪ್ಟೆಂಬರ್ 23ರಂದು ಅಂತರರಾಷ್ಟ್ರೀಯ ಸಂಜ್ಞಾಭಾಷೆಗಳ ದಿನವನ್ನು ಆಚರಿಸಲಾಗುತ್ತದೆ.

ಹೇಳಿಕೊಳ್ಳಲಾಗದ ಅನುಭವವನ್ನು ‘ಮೂಗ ಕಂಡ ಕನಸು’ ಎಂದು ಕನ್ನಡಿಗರು ಕರೆಯುತ್ತ ಬಂದಿದ್ದಾರೆ. ಈ ನುಡಿಗಟ್ಟನ್ನು ಕಟ್ಟಿದ ಹಿರಿಯರು ಒಂದು ಸತ್ಯವನ್ನು ಕಂಡಿದ್ದರು: ಮಾತಿಲ್ಲದವರಿಗೂ ಕನಸಿದೆ, ಒಳಗಿನ ಬಾಳು ಇದೆ. ಅವರು ಕಾಣದೆ ಹೋದ ಇನ್ನೊಂದು ಸತ್ಯವಿತ್ತು. ಅದನ್ನು ಎಡಿನ್‌ಬರೋವಿನ ಆ ಹುಡುಗಿಯ ಬೆರಳುಗಳೂ, ಕ್ಲೆರ್‌ನ ಕೈಗಳೂ ತೋರಿಸಿಕೊಟ್ಟವು. ನೋಡಿ ತಿಳಿಯುವ ತಾಳ್ಮೆ ಎದುರಿನವರಿಗಿದ್ದರೆ, ಆ ಕನಸನ್ನು ಹೇಳಲೂ ಬರುತ್ತದೆ.